ಹಂಚಿನ ಮೈಮೇಲಿನ ಹೆಸರು

ಬಚ್ಚಲಿಗೆ ಮೊಸಾಯಿಕ್ ಟೈಲ್ಸ್ ಕೊಳ್ಳುವವರು ಅದು ಹತ್ತು ವರ್ಷದ ನೀರಿಗೆ ಹೇಗೆ ತಾಳೀತೆಂದು ಅಂಗಡಿಯಲ್ಲಿ ನಿಂತು ಪರೀಕ್ಷಿಸಲಾರರು. ಆದ್ದರಿಂದ ವ್ಯಾಪಾರಿ ಮೊದಲು ಮಾರಬೇಕಾದದ್ದು ಭರವಸೆಯನ್ನು. ಈ ವಿದ್ಯೆಯನ್ನು ನಮ್ಮ ಕರಾವಳಿ ಬಲು ಹಿಂದೆಯೇ ಕಲಿತಿತ್ತು ಎಂಬುದು ನನ್ನ ವಾದ. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್‌ಸ್ಟ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. 1868ರಲ್ಲಿ ಆಲ್ಬುಕರ್ಕ್ ಹೆಸರಿನ ಇನ್ನೊಂದು ಹಂಚಿನ ಕಾರ್ಖಾನೆ ಬಂತು. ನೇತ್ರಾವತಿ, ಗುರುಪುರ ನದಿಗಳ ದಂಡೆಯ ಜೇಡಿಮಣ್ಣು ಅಚ್ಚಿಗೆ ಬಿದ್ದಾಗಲೇ ಕಾರ್ಖಾನೆಯ ಹೆಸರೂ ಊರೂ ಅದರ ಮೈಮೇಲೆ ಮೂಡುತ್ತಿದ್ದವು. ಮಾಡು ಸೋರಿದರೆ ಯಾರ ಹಂಚೆಂದು ಮನೆಯೊಡೆಯನಿಗೆ ಗೊತ್ತು. ಸೋರದಿದ್ದರೆ ನೆರೆಯವನಿಗೂ ಗೊತ್ತು. ಇದಕ್ಕಿಂತ ಪ್ರಾಮಾಣಿಕವಾದ ಜಾಹೀರಾತನ್ನು ನಾನು ಕಾಣೆ.

ಒಳ್ಳೆಯ ಮಣ್ಣು, ಹತ್ತಿರದ ಬಂದರು ಇದ್ದವಲ್ಲ, ಈ ಹಂಚಿನ ಯಶಸ್ಸಿನಲ್ಲಿ ಮುದ್ರೆಯ ಪಾಲೇನು ಎಂದು ಕೇಳಬಹುದು. ಮಣ್ಣು ಹಂಚಾದದ್ದಕ್ಕೆ, ಹಂಚು ಹಡಗೇರಿದ್ದಕ್ಕೆ ಅವು ಕಾರಣ, ನಿಜ. ಆದರೆ ಅದೇ ಮಣ್ಣು, ಅದೇ ಬಂದರನ್ನು ನೆಚ್ಚಿದ ಹಲವು ಕಾರ್ಖಾನೆಗಳ ನಡುವೆ ಕೊಳ್ಳುವವನು ಒಂದನ್ನು ಆರಿಸಬೇಕಿತ್ತು. ತಡವಾಗಿ ಬಂದವರೂ ತಮ್ಮ ಹೆಸರು, ಗುರುತನ್ನು ತಪ್ಪದೆ ಒತ್ತಿದ್ದು ಅದಕ್ಕಾಗಿಯೇ. ನೆಲಹಾಸಿನ ವ್ಯಾಪಾರಕ್ಕೂ ಹೆಸರಿನ ಆಸರೆ ಬೇಕಾಯಿತು: 1922ರಲ್ಲಿ ಮುಂಬಯಿಯಲ್ಲಿ ಆರಂಭವಾದ ಭಾರತ್ ಟೈಲ್ಸ್, ಸ್ವದೇಶಿ ಅಭಿಮಾನವನ್ನು ಬೆನ್ನಿಗಿಟ್ಟುಕೊಂಡು ಆಮದಿನ ಟೈಲ್ಸಿಗೆ ಎದುರು ನಿಂತಿತು.