ಒಗಟಿನಿಂದ ಪದಬಂಧದವರೆಗೆ: ಗಡಿನಾಡಿನ ಮಾತಿನಾಟದ ಇತಿಹಾಸ

ದಕ್ಷಿಣ ಸೊಲ್ಲಾಪುರ ತಾಲೂಕಿನಲ್ಲಿ ಭೀಮಾ ಮತ್ತು ಸೀನಾ ನದಿಗಳು ಕೂಡುವಲ್ಲಿ ಹತ್ತರಸಂಗ-ಕೂಡಲ ಎಂಬ ಊರಿದೆ. ಅಲ್ಲಿಯ ಸಂಗಮೇಶ್ವರ ಗುಡಿಯಲ್ಲಿ ಶಕವರ್ಷ 940ರ, ಅಂದರೆ ಕ್ರಿ.ಶ. 1018ರ ಶಾಸನವೊಂದಿದೆ. ಮರಾಠಿ ಭಾಷೆಯ ಅತ್ಯಂತ ಹಳೆಯ ಬರಹಗಳಲ್ಲಿ ಒಂದೆಂದು ವಿದ್ವಾಂಸರು ಅದನ್ನು ಎಣಿಸುತ್ತಾರೆ. ಇದನ್ನು ಓದಿದವನು ವಿಜಯಿಯಾಗುವನು ಎಂಬುದು ಅದರ ಕೊನೆಯ ವಾಕ್ಯದ ಅಭಿಪ್ರಾಯ. ಶಾಸನಗಳ ಕೊನೆಯಲ್ಲಿ ದಾನವನ್ನು ಕೆಡಿಸಿದವನಿಗೆ ಶಾಪ ಹಾಕುವುದು ವಾಡಿಕೆ. ಇಲ್ಲಿಯಾದರೋ ಓದಿದವನಿಗೆ ಜಯವನ್ನು ಹಾರೈಸಲಾಗಿದೆ. ಅಕ್ಷರವನ್ನು ಬಿಡಿಸಿ ಅರ್ಥವನ್ನು ಕೈಗೆ ತಂದುಕೊಳ್ಳುವುದೇ ಒಂದು ಗೆಲುವು ಎಂದು ಸಾವಿರ ವರ್ಷಗಳ ಹಿಂದೆ ನಮ್ಮ ನೆಲದಲ್ಲಿ ಯಾರೋ ಕಲ್ಲಿನ ಮೇಲೆ ಬರೆಯಿಸಿಟ್ಟರು.

ಭಾನುವಾರದ ಪತ್ರಿಕೆಯಲ್ಲಿಯ ಪದಬಂಧವನ್ನು ಮುಂದಿಟ್ಟುಕೊಂಡು ಕುಳಿತಾಗಲೆಲ್ಲ ನಮಗೆ ಈ ಶಾಸನ ನೆನಪಾಗುತ್ತದೆ. ಪದಬಂಧವನ್ನು ಹೊತ್ತು ಕಳೆಯುವ ಆಟವೆಂದು ತಿಳಿಯುವವರೇ ಹೆಚ್ಚು. ಅದು ಹೊರಗಿನಿಂದ ಬಂದುದು ನಿಜ. ಆದರೆ ಅರ್ಥವನ್ನು ಮಾತಿನೊಳಗೆ ಬಚ್ಚಿಟ್ಟು, ಕೇಳುವವನು ಅದನ್ನು ಗೆದ್ದುಕೊಳ್ಳಲಿ ಎಂದು ಬಿಡುವ ಪದ್ಧತಿ ನಮ್ಮಲ್ಲಿ ಬಹಳ ಹಳೆಯದು. ಆ ಹಳೆಯ ದಾರಿಯನ್ನು ಗುರುತಿಸುವುದು ಈ ಬರಹದ ಉದ್ದೇಶ.

ಮೊದಲು ಹೊರಗಿನ ಕಥೆಯನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇವೆ. ಇಂಗ್ಲೆಂಡಿನ ಲಿವರ್‌ಪೂಲ್ ಮೂಲದ ಆರ್ಥರ್ ವಿನ್ ಎಂಬ ಪತ್ರಕರ್ತರು 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯ ರವಿವಾರದ ಸಂಚಿಕೆಯಲ್ಲಿ ವಜ್ರಾಕಾರದ ಮೊದಲ ಪದಬಂಧವನ್ನು ಪ್ರಕಟಿಸಿದರು. ಅಲ್ಲಿಂದ ಅದು ಇಂಗ್ಲೆಂಡಿಗೆ ಹೋಗಿ ಬೇರೆಯೇ ರೂಪವನ್ನು ತಾಳಿತು. ಅಲ್ಲಿಯ ರಚನಕಾರರು ನೇರವಾಗಿ ಅರ್ಥವನ್ನು ಕೇಳುವುದನ್ನು ಬಿಟ್ಟು ಸುಳಿವಿನಲ್ಲಿಯೇ ಮೋಸವನ್ನು ಹೂಡತೊಡಗಿದರು. ‘ಅಬ್ಸರ್ವರ್’ ಪತ್ರಿಕೆಗೆ ಬರೆಯುತ್ತಿದ್ದ ಎಡ್ವರ್ಡ್ ಪೋವಿಸ್ ಮ್ಯಾಥರ್ಸ್ ತಮ್ಮನ್ನು ‘ಟಾರ್ಕೆಮಾಡಾ’ ಎಂದು ಕರೆದುಕೊಂಡರು. ಅದು ಸ್ಪೇನ್ ದೇಶದಲ್ಲಿ ಜನರನ್ನು ಚಿತ್ರಹಿಂಸೆಗೆ ಗುರಿಪಡಿಸಿದ ಧರ್ಮವಿಚಾರಕನ ಹೆಸರು. ಬಿಡಿಸುವವರನ್ನು ಕಾಡುವುದೇ ತಮ್ಮ ಕೆಲಸವೆಂದು ಅವರು ಹೆಸರಿನಲ್ಲಿಯೇ ಸಾರಿದಂತಾಯಿತು. 1942ರಲ್ಲಿ ಲಂಡನ್ನಿನ ‘ಡೈಲಿ ಟೆಲಿಗ್ರಾಫ್’ ಪತ್ರಿಕೆ ಹನ್ನೆರಡು ನಿಮಿಷಗಳೊಳಗೆ ಪದಬಂಧ ಬಿಡಿಸುವ ಸ್ಪರ್ಧೆಯೊಂದನ್ನು ನಡೆಸಿತು. ಅದರಲ್ಲಿ ಭಾಗವಹಿಸಿದ ಕೆಲವರಿಗೆ ಬ್ಲೆಚ್ಲಿ ಪಾರ್ಕಿನಲ್ಲಿ ಶತ್ರುಗಳ ಗುಪ್ತಲಿಪಿಯನ್ನು ಭೇದಿಸುವ ಕೆಲಸಕ್ಕೆ ಕರೆ ಬಂದಿತು.

ಇನ್ನು ನಮ್ಮ ಮನೆಯ ಕಥೆ. ಪದಬಂಧ ಎಂಬ ಹೆಸರಿನಲ್ಲಿರುವ ‘ಬಂಧ’ ಎಂಬ ಮಾತು ನಮ್ಮ ಕಾವ್ಯಶಾಸ್ತ್ರಕ್ಕೆ ಹೊಸದಲ್ಲ. ದಂಡಿಯು ‘ಕಾವ್ಯಾದರ್ಶ’ದ ಮೂರನೆಯ ಪರಿಚ್ಛೇದದಲ್ಲಿ ಗೋಮೂತ್ರಿಕೆ, ಸರ್ವತೋಭದ್ರ ಮುಂತಾದ ಚಿತ್ರಬಂಧಗಳನ್ನೂ ಹದಿನಾರು ಬಗೆಯ ಪ್ರಹೇಳಿಕೆಗಳನ್ನೂ ವಿವರಿಸಿದ್ದಾನೆ. ಪ್ರಹೇಳಿಕೆ ಎಂದರೆ ಒಗಟು. ಸರ್ವತೋಭದ್ರವು ಎಂಟೆಂಟು ಮನೆಗಳ ಚೌಕ. ಅದನ್ನು ಎಡದಿಂದ ಓದಿದರೂ, ಬಲದಿಂದ ಓದಿದರೂ, ಮೇಲಿನಿಂದ ಕೆಳಕ್ಕೆ ಓದಿದರೂ ಅವವೇ ಸಾಲುಗಳು ಬರಬೇಕು. ಭಾರವಿಯು ‘ಕಿರಾತಾರ್ಜುನೀಯ’ದ 15ನೆಯ ಸರ್ಗದಲ್ಲಿ ಇದನ್ನು ಸಾಧಿಸಿ ತೋರಿಸಿದನು. ದಂಡಿಯನ್ನು ಮುಂದಿಟ್ಟುಕೊಂಡು 9ನೆಯ ಶತಮಾನದಲ್ಲಿ ರಚಿತವಾದ ನಮ್ಮ ‘ಕವಿರಾಜಮಾರ್ಗ’ವೂ ಶಬ್ದಾಲಂಕಾರಗಳ ಪ್ರಸಂಗದಲ್ಲಿ ಇಂಥ ದುಷ್ಕರ ಬಂಧಗಳನ್ನು ಚರ್ಚಿಸುತ್ತದೆ.

ಶಾಸನಗಳನ್ನು ಬರೆದವರೂ ಇಸವಿಯನ್ನು ಹಲವೊಮ್ಮೆ ಒಗಟಾಗಿಯೇ ಇಡುತ್ತಿದ್ದರು. ಗಗನವೆಂದರೆ ಸೊನ್ನೆ, ವೇದವೆಂದರೆ ನಾಲ್ಕು, ನಿಧಿಯೆಂದರೆ ಒಂಬತ್ತು. ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕೆಂಬುದು ನಿಯಮ. ಕೂಡಲದ ಶಾಸನದ ವರ್ಷವನ್ನು ಈ ಪದ್ಧತಿಯಂತೆ ನಾವು ಬರೆಯುವುದಾದರೆ ‘ಗಗನ-ವೇದ-ನಿಧಿ’ ಎಂದರೆ ಸಾಕು, 940 ಆಗುತ್ತದೆ. ಇದು ಪದಬಂಧದ ಸುಳಿವಲ್ಲದೆ ಮತ್ತೇನು?

ಆದರೆ ಪಂಡಿತರ ಚಿತ್ರಕವಿತ್ವಕ್ಕಿಂತ ನಮ್ಮ ಜನಕ್ಕೆ ಹತ್ತಿರವಾದುದು ಬೇರೊಂದು ಧಾರೆ. ಸೊಲ್ಲಾಪುರವು ಹನ್ನೆರಡನೆಯ ಶತಮಾನದ ಸೊನ್ನಲಿಗೆ, ಶಿವಯೋಗಿ ಸಿದ್ಧರಾಮರ ಊರು. ಕೆರೆ ಕಟ್ಟಿಸುವ, ಗುಡಿ ಕಟ್ಟಿಸುವ ಕಾಯಕದಲ್ಲಿ ಮುಳುಗಿದ್ದ ಸಿದ್ಧರಾಮರನ್ನು ಕಾಣಲು ‘ಶೂನ್ಯಸಂಪಾದನೆ’ಯು ಅಲ್ಲಮಪ್ರಭುವನ್ನು ಇಲ್ಲಿಗೆ ಕರೆತರುತ್ತದೆ. ಅಲ್ಲಮನ ಬೆಡಗಿನ ವಚನಗಳು ಕೇಳಿದ ಕ್ಷಣಕ್ಕೆ ಅರ್ಥವಾಗುವಂಥವಲ್ಲ. ಅಸಂಗತವಾಗಿ ತೋರುವ ಚಿತ್ರದ ಹಿಂದೆ ಅನುಭಾವದ ಅರ್ಥ ಅಡಗಿರುತ್ತದೆ. ಮುಂದಿನ ಶತಮಾನಗಳಲ್ಲಿ ಅವುಗಳನ್ನು ಬಿಡಿಸಲೆಂದೇ ಟೀಕೆಗಳು ಹುಟ್ಟಿಕೊಂಡವು. ಹರಿದಾಸರಲ್ಲಿ ಕನಕದಾಸರ ಮುಂಡಿಗೆಗಳದೂ ಇದೇ ಮಾರ್ಗ. ಮುಂಡಿಗೆ ಎಂಬ ಮಾತಿಗೆ ಸವಾಲು ಎಂಬ ಅರ್ಥವುಂಟು. ಬಲ್ಲವನು ಬಂದು ಬಿಡಿಸಲಿ ಎಂಬ ಆಹ್ವಾನ ಅದರಲ್ಲಿದೆ.

ನಮ್ಮ ಜಿಲ್ಲೆಯ ಪಂಢರಪುರದ ಕಡೆಗೂ ಒಮ್ಮೆ ನೋಡೋಣ. 13ನೆಯ ಶತಮಾನದ ಜ್ಞಾನೇಶ್ವರರು ತಮ್ಮ ಅಭಂಗವೊಂದರಲ್ಲಿ ವಿಠ್ಠಲನನ್ನು ‘ಕಾನಡಾ’ ಎಂದು ಕರೆದರು. ಮರಾಠಿಯಲ್ಲಿ ಈ ಮಾತಿಗೆ ಎರಡು ಅರ್ಥ: ಕನ್ನಡದವನು ಎಂಬುದು ಒಂದು, ತಿಳಿಯಲು ಕಠಿಣನಾದವನು ಎಂಬುದು ಇನ್ನೊಂದು. ಪಕ್ಕದ ಮನೆಯ ಭಾಷೆ ಅರ್ಥವಾಗದಿದ್ದಾಗ ಹುಟ್ಟಿದ ಎರಡನೆಯ ಅರ್ಥವನ್ನು ಸಂತಕವಿಯು ದೇವರಿಗೇ ಸಲ್ಲಿಸಿಬಿಟ್ಟರು. ಎರಡು ಭಾಷೆಗಳ ಗಡಿಯಲ್ಲಿಯೇ ಹುಟ್ಟಬಹುದಾದ ಶ್ಲೇಷೆ ಇದು.

ಪುಸ್ತಕ ಓದದವರಿಗೂ ಈ ವಿದ್ಯೆ ಕೈಬಿಟ್ಟಿರಲಿಲ್ಲ. ಮದುವೆ, ಸೀಮಂತಗಳಲ್ಲಿ ಗಂಡನ ಹೆಸರನ್ನು ನೇರವಾಗಿ ಹೇಳದೆ ಪ್ರಾಸದ ಸಾಲುಗಳಲ್ಲಿ ಹುದುಗಿಸಿ ಹೇಳುವ ಒಡಪು ನಮ್ಮ ಹೆಣ್ಣುಮಕ್ಕಳ ಬಾಯಲ್ಲಿ ಇಂದಿಗೂ ಇದೆ. ಮರಾಠಿ ಮನೆಗಳಲ್ಲಿ ಅದೇ ಉಖಾಣೆ. ಒಂದೇ ಚಪ್ಪರದಡಿ ಎರಡೂ ಭಾಷೆಗಳಲ್ಲಿ ಹೆಸರು ಹೇಳುವುದನ್ನು ನಾವು ಕೇಳುತ್ತಲೇ ಬೆಳೆದೆವು. ಜಾತ್ರೆಯ ರಾತ್ರಿಗಳಲ್ಲಿ ಹರದೇಶಿ-ನಾಗೇಶಿ ಮೇಳಗಳು ಡಪ್ಪು ತುಂತುಣಿ ಹಿಡಿದು ಎದುರುಬದುರು ನಿಲ್ಲುತ್ತಿದ್ದವು. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ, ಶಿವ ಹೆಚ್ಚೋ ಶಕ್ತಿ ಹೆಚ್ಚೋ ಎಂಬ ವಾದದಲ್ಲಿ ಒಂದು ಮೇಳ ಒಗಟನ್ನು ಒಡ್ಡಿದರೆ ಇನ್ನೊಂದು ಮೇಳ ಹಾಡಿನಲ್ಲಿಯೇ ಉತ್ತರಿಸಬೇಕು. ಮರಾಠಿಯಲ್ಲಿ ಇದು ಕಲಗಿ-ತುರಾ. ಬೆಳಗಾಗುವವರೆಗೆ ನಡೆಯುತ್ತಿದ್ದ ಈ ಸವಾಲ್-ಜವಾಬಿನಲ್ಲಿ ಅಕ್ಷರ ಕಲಿಯದ ಕೇಳುಗನೂ ಸೋಲು ಗೆಲುವುಗಳನ್ನು ಅಳೆಯಬಲ್ಲವನಾಗಿದ್ದನು.

ಹೀಗೆ ನೆಲ ಹದವಾಗಿದ್ದುದರಿಂದಲೇ ಪದಬಂಧವು ಕನ್ನಡ ಪತ್ರಿಕೆಗಳಿಗೆ ಬಂದಾಗ ಸುಲಭವಾಗಿ ಬೇರೂರಿತು. ಕೋಲಾರ ಜಿಲ್ಲೆಯ ಅಬ್ಬಣಿಯ ಅ.ನಾ. ಪ್ರಹ್ಲಾದರಾವ್ ಅವರು ಸಾವಿರಾರು ಕನ್ನಡ ಪದಬಂಧಗಳನ್ನು ರಚಿಸಿ ಲಿಮ್ಕಾ ದಾಖಲೆಗಳ ಪುಸ್ತಕದಲ್ಲಿ ಸ್ಥಾನ ಪಡೆದರು. ಇಂಗ್ಲಿಷಿನಲ್ಲಿ ಒಂದು ಮನೆಗೆ ಒಂದು ಅಕ್ಷರವೆಂದರೆ ಇಪ್ಪತ್ತಾರರಲ್ಲಿ ಒಂದು. ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರಗಳೊಡನೆ ಇಡೀ ಅಕ್ಷರವೇ ಒಂದು ಮನೆಯಲ್ಲಿ ಕೂಡಬೇಕು. ಅಡ್ಡ ಸಾಲಿನಲ್ಲಿ ‘ಕಿ’ ಬಂದರೆ ಕೆಳಗಿಳಿಯುವ ಸಾಲಿಗೂ ‘ಕಿ’ಯೇ ಬೇಕು, ‘ಕ’ ಆಗದು, ‘ಕೀ’ ಆಗದು. ಆದುದರಿಂದ ಹೊಂದಿಸುವವರಿಗೆ ಕಷ್ಟ ಹೆಚ್ಚು. ಬಿಡಿಸುವವರಿಗಾದರೋ ಒಂದು ಮನೆ ಸರಿಯಾಗಿ ತುಂಬಿತೆಂದರೆ ಮುಂದಿನ ದಾರಿ ಬಹಳ ಸ್ಪಷ್ಟವಾಗುತ್ತದೆ. ಹ್ರಸ್ವ ದೀರ್ಘಗಳಲ್ಲಿ, ಅಲ್ಪಪ್ರಾಣ ಮಹಾಪ್ರಾಣಗಳಲ್ಲಿ ತಪ್ಪಿದರೆ ಚೌಕವೇ ಅದನ್ನು ತೋರಿಸಿಕೊಡುತ್ತದೆ. ಇದಕ್ಕಿಂತ ಒಳ್ಳೆಯ ಕಾಗುಣಿತದ ಮೇಷ್ಟ್ರು ನಮಗೆ ಸಿಕ್ಕಿಲ್ಲ.

ಚತುರವಾದ ಸುಳಿವುಗಳನ್ನು ಕನ್ನಡದಲ್ಲಿ ಹೇಗೆ ಹೆಣೆಯಬಹುದೆಂಬುದಕ್ಕೆ ನಾವೇ ಕಟ್ಟಿದ ಕೆಲವನ್ನು ಇಲ್ಲಿ ಇಡುತ್ತೇವೆ. ಕಂಸದಲ್ಲಿರುವುದು ಮನೆಗಳ ಸಂಖ್ಯೆ. ‘ಹುಡುಕು, ದೊರೆ ದೊರೆಯುವನು (3)’: ಉತ್ತರ ಅರಸು. ಅರಸು ಎಂದರೆ ಹುಡುಕು, ಅರಸು ಎಂದರೆ ರಾಜ. ‘ಮದುವಣಿಗ ಹಿಂದಿರುಗಿದಾಗ ಎದ್ದ ಸದ್ದು (2)’: ವರ ಎಂಬುದನ್ನು ಹಿಂದಿನಿಂದ ಓದಿದರೆ ರವ, ಅಂದರೆ ಸದ್ದು. ‘ಯಾವ ಕಡೆಯಿಂದ ನೋಡಿದರೂ ಚಿನ್ನವೇ ಆದ ದಾಸರು (3)’: ಕನಕ. ‘ಮಾತಿಗೂ ಪಟ್ಟಣಕ್ಕೂ ನಡುವೆ ಆ ಎಂದರೆ ನಮ್ಮ ಜಿಲ್ಲೆ (4)’: ಸೊಲ್ಲು, ಆ, ಪುರ ಕೂಡಿ ಸೊಲ್ಲಾಪುರ. ಇಂಥ ಸುಳಿವಿನಲ್ಲಿ ಮೊದಲು ಕಾಣುವ ಚಿತ್ರವನ್ನು ನಂಬಬಾರದು. ಮದುವಣಿಗನನ್ನು ಮರೆತು ‘ಹಿಂದಿರುಗಿದಾಗ’ ಎಂಬ ಮಾತನ್ನು ಹಿಡಿದವನಿಗೆ ಉತ್ತರ ದೊರೆಯುತ್ತದೆ.

ಗಡಿನಾಡಿನವರಾದ ನಮಗೆ ಇನ್ನೊಂದು ಸೌಕರ್ಯವಿದೆ. ಕನ್ನಡದ ತಾಯಿ ಮರಾಠಿಯಲ್ಲಿ ಅಕ್ಕ. ಕನ್ನಡದ ಬಾಯಿ ಮರಾಠಿಯಲ್ಲಿ ಹೆಂಗಸು. ‘ಮರಾಠಿಗರ ಮುಖದ ಮೇಲೆ ಕನ್ನಡ ಕವಿಗಳ ಸ್ವರ್ಗ (2)’ ಎಂದರೆ ನಾಕ. ಮರಾಠಿಯಲ್ಲಿ ಅದು ಮೂಗು, ಹಳಗನ್ನಡ ಕಾವ್ಯಗಳಲ್ಲಿ ಅದು ಸ್ವರ್ಗ. ಬೆಂಗಳೂರಿನಲ್ಲಿ ಕುಳಿತವರಿಗೆ ಈ ಸುಳಿವು ಹೊಳೆಯುವುದು ಕಷ್ಟ. ನಮ್ಮ ಶಾಲೆಯ ಹುಡುಗರಿಗೆ ಹೊಳೆಯಬಹುದು.

ಹೊಳೆಯಬಹುದು ಎಂದೆವು, ಹೊಳೆಯುತ್ತದೆ ಎಂದು ಹೇಳುವ ಧೈರ್ಯ ನಮಗಿಲ್ಲ. ನಮ್ಮ ಆತಂಕ ಇರುವುದು ಇಲ್ಲಿಯೇ. ಒಂದು ಭಾನುವಾರ ನಮ್ಮ ಮನೆಯಲ್ಲಿ ‘ಜೋಳದ ರಾಶಿ ಬೀಳುವ ಜಾಗ ಎಷ್ಟು ಸಣ್ಣದು! (2)’ ಎಂಬ ಸುಳಿವನ್ನು ಗಟ್ಟಿಯಾಗಿ ಓದಿದೆವು. ಮರಾಠಿ ಮಾಧ್ಯಮದಲ್ಲಿ ಓದುವ ಮೊಮ್ಮಗಳು ಸುಮ್ಮನಿದ್ದಳು. ಕನ್ನಡ ಅಕ್ಷರ ಅವಳಿಗೆ ಬಾರದು. ಅಕ್ಷರವನ್ನೇ ಕಲಿಯದ ಅಜ್ಜಿ ಸೊಪ್ಪು ಸೋಸುತ್ತ, “ರಾಶಿ ಮಾಡೂದು ಕಣದಾಗ ಅಲ್ಲೇನ್ರೋ?” ಎಂದರು. ಆಗ ಹುಡುಗಿ ತಲೆಯೆತ್ತಿ, “ಆಯಿ, ಕಣ ಅಂದ್ರ ಭಾಳ ಸಣ್ಣದು. ನಮ್ಮ ವಿಜ್ಞಾನದ ಪುಸ್ತಕದಾಗ ಐತಿ” ಎಂದಳು. ಮರಾಠಿಯಲ್ಲಿ ರಾಶಿಯ ಜಾಗಕ್ಕೆ ಖಳೆ ಎನ್ನುತ್ತಾರೆ. ಕಣವೆಂದರೆ ಅತಿ ಸಣ್ಣ ತುಣುಕು. ಅಜ್ಜಿಗೆ ಅರ್ಧ ಗೊತ್ತಿತ್ತು, ಮೊಮ್ಮಗಳಿಗೆ ಅರ್ಧ ಗೊತ್ತಿತ್ತು. ಎರಡೂ ಕೂಡಿದಾಗ ಮನೆ ತುಂಬಿತು. ಆದರೆ ಆ ಎರಡು ಅಕ್ಷರಗಳನ್ನು ಬರೆಯಲು ಅವರಿಬ್ಬರಲ್ಲಿ ಯಾರಿಗೂ ಬರುತ್ತಿರಲಿಲ್ಲ. ಪೆನ್ಸಿಲು ನಮ್ಮ ಕೈಯಲ್ಲಿತ್ತು. ನಾವಿಲ್ಲದ ದಿನ ಅದನ್ನು ಹಿಡಿಯುವವರು ಯಾರು ಎಂಬ ಪ್ರಶ್ನೆ ಆ ಮಧ್ಯಾಹ್ನವೆಲ್ಲ ನಮ್ಮನ್ನು ಬಿಡಲಿಲ್ಲ.

ನಿರಾಶರಾಗಬೇಕಾಗಿಲ್ಲ. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರ ಶಾಲೆಯ ಓದು ಮರಾಠಿಯಲ್ಲಿ ಆದುದು. ಕನ್ನಡವನ್ನು ಅವರು ತಾವಾಗಿಯೇ ಕಲಿತು ಸಿದ್ಧರಾಮರ ಪುರಾಣವನ್ನು ಕನ್ನಡದಲ್ಲಿ ಬರೆದರು, ವಚನಗಳನ್ನು ಮರಾಠಿಗೆ ಒಯ್ದರು. 1974ರಲ್ಲಿ ಮಂಡ್ಯದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಪೀಠವನ್ನೇರಿದ ಮೊದಲ ಮಹಿಳೆ ಅವರೇ. ಮರಾಠಿ ಬಲ್ಲುದು ಕನ್ನಡಕ್ಕೆ ಅಡ್ಡಿಯಲ್ಲ ಎಂಬುದನ್ನು ಅವರ ಬಾಳು ತೋರಿಸಿಕೊಟ್ಟಿದೆ.

ಸಂಘದ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಪ್ರತಿ ಸಮ್ಮೇಳನದಲ್ಲಿಯೂ ಭಾಷಣಗಳ ನಡುವೆ ಒಂದು ಗಂಟೆಯನ್ನು ಪದಬಂಧಕ್ಕೆ ಮೀಸಲಿಡೋಣ. ಸುಳಿವುಗಳನ್ನು ನಮ್ಮ ಹೊಲ, ಅಡುಗೆಮನೆ, ಸಂತೆ, ಜಾತ್ರೆಗಳಿಂದ ಆಯ್ದು ಕಟ್ಟೋಣ. ಪ್ರತಿ ತಂಡದಲ್ಲಿ ಒಬ್ಬ ಹಿರಿಯರೂ ಒಂದು ಮಗುವೂ ಇರಲಿ. ಪೆನ್ಸಿಲು ಮಾತ್ರ ಮಗುವಿನ ಕೈಯಲ್ಲಿರಲಿ. ಮಂಗಳವೇಢೆ, ಅಕ್ಕಲಕೋಟೆ, ಸೊಲ್ಲಾಪುರಗಳ ಮನೆಗಳಲ್ಲಿ ಹಿರಿಯರ ಬಾಯಲ್ಲಿಯೇ ಉಳಿದಿರುವ ಎಷ್ಟೋ ಮಾತುಗಳು ಹೀಗಾದರೂ ಕಾಗದದ ಮೇಲೆ ಬರಲಿ. ನಮ್ಮ ಮೊಮ್ಮಗಳು ಈಗ ವಾರಕ್ಕೆ ನಾಲ್ಕು ಅಕ್ಷರ ಕಲಿಯುತ್ತಿದ್ದಾಳೆ. ಅವಳು ಮೊದಲು ಬರೆದುದು ‘ಕ’, ಆಮೇಲೆ ‘ಣ’.

ಅವಳಿಗಾಗಿ ಕಟ್ಟಿದ ಸುಳಿವೊಂದನ್ನು ಓದುಗರ ಮುಂದೆಯೂ ಇಟ್ಟು ಈ ಲೇಖನವನ್ನು ಮುಗಿಸುತ್ತೇವೆ: ‘ನನ್ನದೇ ದನಿ ಎಂದು ಕಿವಿಗೆ ಕೇಳಿಸುವ ಊರು (4)’. ಉತ್ತರವನ್ನು ಇಲ್ಲಿ ಬರೆಯುವುದಿಲ್ಲ. ಮಂಗಳವೇಢೆ ತಾಲೂಕಿನ ಊರುಗಳ ಹೆಸರುಗಳನ್ನು ಮನೆಯ ಮಕ್ಕಳಿಂದ ಒಂದೊಂದಾಗಿ ಗಟ್ಟಿಯಾಗಿ ಹೇಳಿಸಿರಿ, ನಮ್ಮ ಊರು ತಾನಾಗಿಯೇ ಓಗೊಡುತ್ತದೆ.