ಫ್ಲೈಟ್ ಸಿಮ್ಯುಲೇಟರ್ ಆಡ್-ಆನ್ ವಿಮಾನಗಳು ಮತ್ತು ಲಿವರಿಗಳು

ಮನೆಯ ಗಣಕಯಂತ್ರದಲ್ಲಿ ವಿಮಾನ ಹಾರಾಟವನ್ನು ಅನುಕರಿಸುವ ತಂತ್ರಾಂಶಗಳಿಗೆ ಫ್ಲೈಟ್ ಸಿಮ್ಯುಲೇಟರ್ ಎಂದು ಹೆಸರು. ಇಂತಹ ತಂತ್ರಾಂಶದೊಡನೆ ಬರುವ ವಿಮಾನಗಳಲ್ಲದೆ, ಬಳಕೆದಾರರು ಅಥವಾ ಬೇರೆ ಕಂಪನಿಗಳು ಪ್ರತ್ಯೇಕವಾಗಿ ತಯಾರಿಸಿ ಸೇರಿಸುವ ವಿಮಾನ ಮಾದರಿಗಳನ್ನು ಆಡ್-ಆನ್ ವಿಮಾನಗಳು ಎನ್ನುತ್ತಾರೆ. ಮಾದರಿಯ ಹೊರಮೈಗೆ ಹೊದಿಸುವ ಬಣ್ಣ, ಲಾಂಛನ ಮತ್ತು ಬರಹಗಳ ವಿನ್ಯಾಸವೇ ಲಿವರಿ. ಹಿಂದೆ ಶ್ರೀಮಂತ ಮನೆತನಗಳು ತಮ್ಮ ಸೇವಕರಿಗೆ ಕೊಡುತ್ತಿದ್ದ ಸಮವಸ್ತ್ರವನ್ನು ಇಂಗ್ಲಿಷಿನಲ್ಲಿ ಈ ಪದದಿಂದ ಕರೆಯುತ್ತಿದ್ದರು. ಅದೇ ಪದ ಮುಂದೆ ರೈಲು, ವಿಮಾನಗಳ ಬಣ್ಣವಿನ್ಯಾಸಕ್ಕೂ ಬಳಕೆಯಾಯಿತು.

ಇತಿಹಾಸ

ಬ್ರೂಸ್ ಆರ್ಟ್‌ವಿಕ್ ಅವರು ಆಪಲ್ 2 ಗಣಕಕ್ಕಾಗಿ ರೂಪಿಸಿದ ಹಾರಾಟದ ತಂತ್ರಾಂಶವು ಈ ಪರಂಪರೆಯ ಆರಂಭಗಳಲ್ಲಿ ಒಂದು. ಅವರ ಕೆಲಸವನ್ನೇ ಆಧರಿಸಿ ಮೈಕ್ರೋಸಾಫ್ಟ್ 1982ರಲ್ಲಿ ತನ್ನ ಮೊದಲ ಫ್ಲೈಟ್ ಸಿಮ್ಯುಲೇಟರನ್ನು ಹೊರತಂದಿತು. ಆಸ್ಟಿನ್ ಮೇಯರ್ ಅವರ ಎಕ್ಸ್-ಪ್ಲೇನ್ 1995ರಲ್ಲಿ ಬಂದಿತು. ಮುಕ್ತ ತಂತ್ರಾಂಶವಾದ ಫ್ಲೈಟ್‌ಗಿಯರ್‌ನ ಕೆಲಸ ಅದರ ಬೆನ್ನಲ್ಲೇ ಆರಂಭವಾಯಿತು. 2006ರ ಫ್ಲೈಟ್ ಸಿಮ್ಯುಲೇಟರ್ ಎಕ್ಸ್ ಆವೃತ್ತಿಯ ನಂತರ, 2009ರಲ್ಲಿ ಮೈಕ್ರೋಸಾಫ್ಟ್ ತನ್ನ ನಿರ್ಮಾಣ ವಿಭಾಗವನ್ನು ಮುಚ್ಚಿತು. 2020ರಲ್ಲಿ ಮುಂದಿನ ಪ್ರಮುಖ ಆವೃತ್ತಿ ಬರುವವರೆಗೂ ಹಳೆಯ ತಂತ್ರಾಂಶಕ್ಕೆ ಜೀವ ತುಂಬಿದವರು ಮುಖ್ಯವಾಗಿ ಆಡ್-ಆನ್ ತಯಾರಕರೇ.

ವಿಮಾನ ಮಾದರಿಯ ರಚನೆ

ಆಡ್-ಆನ್ ವಿಮಾನವೆಂದರೆ ಕೇವಲ ಒಂದು ಚಿತ್ರವಲ್ಲ. ಅದರಲ್ಲಿ ಮೂರು ಆಯಾಮದ ಆಕೃತಿ, ಚಾಲಕರ ಕೋಣೆಯ ಉಪಕರಣಗಳು, ಧ್ವನಿಗಳು ಮತ್ತು ಹಾರಾಟದ ಲೆಕ್ಕಾಚಾರ ಸೇರಿರುತ್ತವೆ. ಮೈಕ್ರೋಸಾಫ್ಟ್‌ನ ಹಳೆಯ ಆವೃತ್ತಿಗಳಲ್ಲಿ ತೂಕ, ರೆಕ್ಕೆಯ ವಿಸ್ತೀರ್ಣ, ಎಂಜಿನ್ನಿನ ಶಕ್ತಿ ಮೊದಲಾದ ಅಂಕಿಗಳನ್ನು ಕಡತಗಳಲ್ಲಿ ಬರೆದಿಡಲಾಗುತ್ತಿತ್ತು. ಎಕ್ಸ್-ಪ್ಲೇನ್‌ನ ವಿಧಾನ ಬೇರೆ. ಅದು ರೆಕ್ಕೆಯನ್ನು ಸಣ್ಣ ಸಣ್ಣ ತುಂಡುಗಳನ್ನಾಗಿ ಭಾವಿಸಿ, ಪ್ರತಿಯೊಂದು ತುಂಡಿನ ಮೇಲೆ ಗಾಳಿಯ ಬಲವನ್ನು ಸೆಕೆಂಡಿಗೆ ಅನೇಕ ಬಾರಿ ಲೆಕ್ಕ ಹಾಕುತ್ತದೆ. ಆದುದರಿಂದ ಒಂದು ಸಿಮ್ಯುಲೇಟರಿಗೆ ಮಾಡಿದ ವಿಮಾನ ಇನ್ನೊಂದರಲ್ಲಿ ಹಾಗೆಯೇ ಹಾರುವುದಿಲ್ಲ. ಸ್ವಯಂಸೇವಕರ ತಂಡವೊಂದು ರೂಪಿಸಿದ ಫ್ಲೈಬೈವೈರ್ ಎ32ಎನ್‌ಎಕ್ಸ್, ಏರ್‌ಬಸ್ ಎ320ನಿಯೋ ವಿಮಾನದ ಉಚಿತ ಮಾದರಿಯಾಗಿದ್ದು, ಹಣ ಕೊಟ್ಟು ಕೊಳ್ಳುವ ಮಾದರಿಗಳೊಂದಿಗೆ ಹೋಲಿಸಬಹುದಾದಷ್ಟು ಬೆಳೆದಿದೆ. ಎಷ್ಟೇ ನಿಖರವಾದ ಮಾದರಿಯಾದರೂ, ಮನೆಯಲ್ಲಿ ಹೀಗೆ ಕಳೆದ ಸಮಯವು ಪೈಲಟ್ ಪರವಾನಗಿಗೆ ಬೇಕಾದ ಹಾರಾಟದ ಅವಧಿಯಾಗಿ ಲೆಕ್ಕಕ್ಕೆ ಬರುವುದಿಲ್ಲ.

ಲಿವರಿಯ ತಯಾರಿ

ವಿಮಾನದ ಹೊರಮೈಯನ್ನು, ದರ್ಜಿಯು ಬಟ್ಟೆಯ ಹೊಲಿಗೆ ಬಿಚ್ಚಿ ನೆಲದ ಮೇಲೆ ಹರಡಿದಂತೆ, ಚಪ್ಪಟೆ ಚೌಕದೊಳಗೆ ಹರಡಲಾಗುತ್ತದೆ. ಈ ಚೌಕಕ್ಕೆ ಟೆಕ್ಸ್ಚರ್ ಎಂದು ಹೆಸರು. ಮೂಲ ತಯಾರಕರು ಪದರಪದರವಾಗಿ ವಿಂಗಡಿಸಿದ ಖಾಲಿ ನಕ್ಷೆಯೊಂದನ್ನು ಒದಗಿಸುವುದುಂಟು. ಇದಕ್ಕೆ ಪೇಂಟ್ ಕಿಟ್ ಎನ್ನುತ್ತಾರೆ. ಬಣ್ಣ ಹಾಕುವವರು ಅದರ ಮೇಲೆ ಪಟ್ಟೆ, ಲಾಂಛನ ಮತ್ತು ನೋಂದಣಿ ಸಂಖ್ಯೆಗಳನ್ನು ಬರೆಯುತ್ತಾರೆ. ಪ್ರತಿ ಬದಿಗೆ 4096 ಬಿಂದುಗಳಿರುವ ಒಂದು ಚೌಕದಲ್ಲಿ ಒಟ್ಟು 1.67 ಕೋಟಿಗೂ ಹೆಚ್ಚು ಬಿಂದುಗಳಿರುತ್ತವೆ. ದೊಡ್ಡ ವಿಮಾನಕ್ಕೆ ಇಂತಹ ಹಲವು ಚೌಕಗಳು ಬೇಕಾಗುತ್ತವೆ.

ಕಷ್ಟವಿರುವುದು ಬಾಗಿದ ಜಾಗಗಳಲ್ಲಿ. ಒಡಲಿನಿಂದ ಬಾಲದ ರೆಕ್ಕೆಗೆ ಏರುವ ಒಂದೇ ಪಟ್ಟೆಯು ನಕ್ಷೆಯಲ್ಲಿ ಎರಡು ಬೇರೆ ಮೂಲೆಗಳಲ್ಲಿ ಬೀಳಬಹುದು, ಅಂಚುಗಳು ಹೊಂದದಿದ್ದರೆ ಹಾರುವಾಗ ಪಟ್ಟೆ ತುಂಡಾಗಿ ಕಾಣುತ್ತದೆ. ಕೆಲವು ಹಳೆಯ ಮಾದರಿಗಳಲ್ಲಿ ಎಡಬಲ ಬದಿಗಳೆರಡಕ್ಕೂ ಒಂದೇ ಚಿತ್ರವನ್ನು ಬಳಸುತ್ತಿದ್ದುದರಿಂದ, ಒಂದು ಬದಿಯ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗುತ್ತಿದ್ದವು. ಏರ್ ಇಂಡಿಯಾದ ಬೋಯಿಂಗ್ 747 ವಿಮಾನಗಳ ಪ್ರತಿಯೊಂದು ಕಿಟಕಿಯ ಸುತ್ತಲೂ ರಾಜಸ್ಥಾನಿ ಝರೋಕಾದ ಕಮಾನು ಇರುತ್ತಿತ್ತು. ಇದನ್ನು ಚಿತ್ರಿಸುವವರು ಕಿಟಕಿಗಳ ಸಾಲಿಗೆ ಕಮಾನುಗಳನ್ನು ಒಂದೊಂದಾಗಿ ಹೊಂದಿಸಬೇಕು. ಒಂದು ಕೂದಲೆಳೆ ಸರಿದರೂ ಇಡೀ ಸಾಲು ಸೊಟ್ಟಗಾಗುತ್ತದೆ.

ಸಿದ್ಧವಾದ ಲಿವರಿಯನ್ನು ಎಕ್ಸ್-ಪ್ಲೇನ್‌ನಲ್ಲಿ ವಿಮಾನದ ಫೋಲ್ಡರಿನೊಳಗಿರುವ 'ಲಿವರೀಸ್' ಎಂಬ ಫೋಲ್ಡರಿಗೆ ಸೇರಿಸಿದರೆ ಸಾಕು. ಮೈಕ್ರೋಸಾಫ್ಟ್‌ನ 2020ರ ಆವೃತ್ತಿಯಲ್ಲಿ 'ಕಮ್ಯುನಿಟಿ' ಫೋಲ್ಡರಿಗೆ ಹಾಕಬೇಕು.

ಮರೆಯಾದ ವಿಮಾನ ಸಂಸ್ಥೆಗಳು

ವಿಮಾನ ಸಂಸ್ಥೆಯೊಂದು ಮುಚ್ಚಿದಾಗ ಅದರ ವಿಮಾನಗಳು ಬೇರೆಯವರ ಪಾಲಾಗಿ, ಹಳೆಯ ಬಣ್ಣ ಕೆಲವೇ ವಾರಗಳಲ್ಲಿ ಅಳಿಸಿಹೋಗಬಹುದು. ಬೆಂಗಳೂರನ್ನು ನೆಲೆಯಾಗಿಸಿಕೊಂಡಿದ್ದ ಏರ್ ಡೆಕ್ಕನ್ 2003ರಲ್ಲಿ ಸೇವೆ ಆರಂಭಿಸಿ, 2008ರಲ್ಲಿ ಕಿಂಗ್‌ಫಿಷರ್ ಜೊತೆ ವಿಲೀನವಾಯಿತು. 2005ರಲ್ಲಿ ಹಾರಾಟ ಆರಂಭಿಸಿದ ಕಿಂಗ್‌ಫಿಷರ್ 2012ರಲ್ಲಿ ಹಾರಾಟ ನಿಲ್ಲಿಸಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ಸ್ಥಗಿತಗೊಂಡಿತು. ಕನ್ನಡಿಗರಲ್ಲಿ ಅನೇಕರು ಮೊದಲ ಬಾರಿಗೆ ವಿಮಾನ ಹತ್ತಿದ್ದು ಇಂತಹ ಸಂಸ್ಥೆಗಳಲ್ಲಿ. ಆ ಬಣ್ಣಗಳು ಈಗ ಛಾಯಾಚಿತ್ರಗಳಲ್ಲಿ ಮತ್ತು ಹವ್ಯಾಸಿಗಳು ಬಿಡಿಸಿದ ಲಿವರಿಗಳಲ್ಲಿ ಉಳಿದಿವೆ.

ಹಾಗೆಂದು ಲಿವರಿಯನ್ನು ಐತಿಹಾಸಿಕ ದಾಖಲೆಯೆಂದು ಕಣ್ಣುಮುಚ್ಚಿ ಒಪ್ಪುವಂತಿಲ್ಲ. ಸಂಸ್ಥೆಯೊಂದು ಎಂದೂ ಹೊಂದಿರದ ವಿಮಾನಕ್ಕೆ ಅದರ ಬಣ್ಣ ಹಚ್ಚುವ ಕಾಲ್ಪನಿಕ ಲಿವರಿಗಳೂ ಧಾರಾಳವಾಗಿವೆ. ನಿಷ್ಠೆಯ ಚಿತ್ರಕಾರರು ಯಾವ ನೋಂದಣಿ ಸಂಖ್ಯೆಯ ವಿಮಾನವನ್ನು ಅನುಸರಿಸಿದ್ದೇವೆಂದು ತಿಳಿಸುತ್ತಾರೆ. ಭಾರತದ ವಿಮಾನಗಳಿಗೆ ಇದು 'ವಿಟಿ' ಅಕ್ಷರಗಳಿಂದ ಆರಂಭವಾಗುತ್ತದೆ. ಆ ಸಂಖ್ಯೆಯನ್ನು ಹಿಡಿದು ನಿಜವಾದ ವಿಮಾನದ ಛಾಯಾಚಿತ್ರದೊಡನೆ ತಾಳೆ ನೋಡಬಹುದು.

ಸುರಕ್ಷತೆ, ಹಕ್ಕುಗಳು ಮತ್ತು ಸಂರಕ್ಷಣೆ

ಸಾಮಾನ್ಯ ಲಿವರಿಯಲ್ಲಿ ಚಿತ್ರಗಳು ಮತ್ತು ಕೆಲವು ಪಠ್ಯ ಕಡತಗಳಷ್ಟೇ ಇರುತ್ತವೆ. ತಾನೇ ಚಾಲನೆಗೊಳ್ಳುವ ಸ್ಥಾಪಕ ಕಡತಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಅಗತ್ಯ. 2018ರಲ್ಲಿ ಫ್ಲೈಟ್ ಸಿಮ್ ಲ್ಯಾಬ್ಸ್ ಸಂಸ್ಥೆಯ ಎ320 ಮಾದರಿಯ ಸ್ಥಾಪಕದಲ್ಲಿ, ಕ್ರೋಮ್ ಬ್ರೌಸರಿನಲ್ಲಿ ಉಳಿಸಿದ ಗುಪ್ತಪದಗಳನ್ನು ಹೊರತೆಗೆಯಬಲ್ಲ ಕಡತವೊಂದು ಪತ್ತೆಯಾಯಿತು. ಕಳ್ಳಪ್ರತಿ ಬಳಸುವವರನ್ನು ಹಿಡಿಯಲು ಮಾತ್ರ ಅದನ್ನು ಇರಿಸಲಾಗಿತ್ತೆಂದು ಸಂಸ್ಥೆ ಹೇಳಿಕೊಂಡು, ತೀವ್ರ ಆಕ್ಷೇಪದ ನಂತರ ಅದನ್ನು ತೆಗೆದುಹಾಕಿತು. ಹಣ ಕೊಟ್ಟು ಕೊಂಡ ಗ್ರಾಹಕರ ಗಣಕಗಳಿಗೂ ಆ ಕಡತ ತಲುಪಿತ್ತೆಂಬುದೇ ಆಕ್ಷೇಪದ ತಿರುಳಾಗಿತ್ತು.

2009ರ ಮೇ ತಿಂಗಳಿನಲ್ಲಿ, ಈ ಹವ್ಯಾಸದ ದೊಡ್ಡ ಉಚಿತ ಕಡತ ಭಂಡಾರಗಳಲ್ಲಿ ಒಂದಾದ ಆವ್‌ಸಿಮ್‌ನ ಮೇಲೆ ದುಷ್ಕರ್ಮಿಗಳ ದಾಳಿ ನಡೆದು ಅದರ ಸರ್ವರುಗಳು ಅಳಿಸಿಹೋದವು. ಬೇರೆಡೆ ಪ್ರತಿ ಇರಿಸದೆ, ಒಂದು ಸರ್ವರಿಗೆ ಇನ್ನೊಂದನ್ನೇ ಬೆಂಬಲವಾಗಿ ನಂಬಿದ್ದುದು ಹಾನಿಗೆ ಕಾರಣವಾಯಿತು. ಭಂಡಾರವು ಮುಂದೆ ಮತ್ತೆ ತೆರೆಯಿತು.

ಉಚಿತ ಲಿವರಿಗಳೊಡನೆ 'ನನ್ನ ಅನುಮತಿಯಿಲ್ಲದೆ ಬೇರೆಡೆ ಹಂಚಬಾರದು' ಎಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಇನ್ನೊಬ್ಬರ ಶ್ರಮವನ್ನು ತಮ್ಮದೆಂದು ಮಾರುವವರನ್ನು ತಡೆಯಲು ಇದು ನ್ಯಾಯವಾದ ಷರತ್ತೇ ಸರಿ. ಆದರೆ ಚಿತ್ರಕಾರರು ಹವ್ಯಾಸ ಬಿಟ್ಟ ಮೇಲೆ ಅಥವಾ ತೀರಿಕೊಂಡ ಮೇಲೆ ಅನುಮತಿ ಕೊಡುವವರೇ ಇರುವುದಿಲ್ಲ. ಆಗ ಅದೇ ಷರತ್ತು ಅವರ ಕೆಲಸದ ಮರುಪ್ರಕಟಣೆಗೆ ಅಡ್ಡಿಯಾಗುತ್ತದೆ. ಫ್ಲೈಟ್‌ಗಿಯರ್‌ನ ಹೆಚ್ಚಿನ ವಿಮಾನಗಳು ಮುಕ್ತ ಪರವಾನಗಿಯಡಿ ಬರುವುದರಿಂದ, ಮೊದಲು ಮಾಡಿದವರು ಕೈಬಿಟ್ಟ ಮಾದರಿಯನ್ನು ಅದೇ ಪರವಾನಗಿಯಡಿ ಇನ್ನೊಬ್ಬರು ಮುಂದುವರಿಸಬಹುದು.