ಗೋಕಾಕದ ಗಿರಣಿಗೆ ಬಂದ ಭಾನುವಾರ

ಭಾನುವಾರ ಮುಂಜಾನೆ ದೇವಾಲಯದ ಗಂಟೆಯ ನಾದ ಕೇಳಿ ನಾವು ಆರಾಧನೆಗೆ ಹೊರಡುತ್ತೇವೆ. ಅಂದು ಶಾಲೆಗೂ ಕಚೇರಿಗೂ ಬಿಡುವಿರುವುದು ನಮಗೆ ಸಹಜವೆಂದೇ ತೋರುತ್ತದೆ. ಆದರೆ ಆರಾಧನೆಯ ದಿನವೇ ಬಿಡುವಿನ ದಿನವೂ ಆದದ್ದು ಒಮ್ಮೆಗೇ ಅಲ್ಲ.

ಪ್ರಭು ಯೇಸು ವಾರದ ಮೊದಲನೆಯ ದಿನ ಪುನರುತ್ಥಾನರಾದುದರಿಂದ ಆದಿಕ್ರೈಸ್ತರು ಆ ದಿನವೇ ಕೂಡುತ್ತಿದ್ದರು. ರೋಮ್ ಸಾಮ್ರಾಜ್ಯದಲ್ಲಿ ಅದು ದುಡಿಮೆಯ ದಿನ. ಕ್ರೈಸ್ತರು ನಿಗದಿತ ದಿನದಂದು ಬೆಳಕು ಹರಿಯುವ ಮುನ್ನವೇ ಸೇರುತ್ತಾರೆಂದು ಪ್ಲಿನಿ ಎಂಬ ರೋಮನ್ ಅಧಿಕಾರಿ ಕ್ರಿ.ಶ. 112ರ ಸುಮಾರಿಗೆ ಚಕ್ರವರ್ತಿಗೆ ಬರೆದನು. ಆ ದಿನಕ್ಕೆ ರಾಜಾಜ್ಞೆಯ ಬಿಡುವು ದೊರೆತದ್ದು 321ರಲ್ಲಿ, ಚಕ್ರವರ್ತಿ ಕಾನ್‌ಸ್ಟಂಟೈನನಿಂದ. ಆಗಲೂ ಹದ ತಪ್ಪಬಾರದೆಂಬ ಕಾರಣದಿಂದ ಒಕ್ಕಲುತನವನ್ನು ಆಜ್ಞೆಯಿಂದ ಹೊರಗಿಡಲಾಯಿತು.

ನಮ್ಮ ಸೀಮೆಯ ಒಕ್ಕಲಿಗನಾದರೋ ಬಿಡುವಿನ ಧರ್ಮವನ್ನು ಮೊದಲೇ ಬಲ್ಲವನು. ಸೋಮವಾರ ಬಸವಣ್ಣನ ವಾರ. ಅಂದು ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ವಿಮೋಚನಕಾಂಡದ 23ನೆಯ ಅಧ್ಯಾಯವೂ ಇದನ್ನೇ ನೆನಪಿಸುತ್ತದೆ. ಏಳನೆಯ ದಿನದ ವಿಶ್ರಾಂತಿ ಮನೆಯ ಯಜಮಾನನಿಗಷ್ಟೇ ಅಲ್ಲ. ಎತ್ತಿಗೆ, ಕತ್ತೆಗೆ, ದಾಸಿಯ ಮಗನಿಗೆ, ಪರದೇಶಿಗೆ ಸಹ ಅದು ಸಲ್ಲಬೇಕು.

ಆದರೆ ಯಂತ್ರಕ್ಕೆ ಸೋಮವಾರವೂ ಇಲ್ಲ, ಭಾನುವಾರವೂ ಇಲ್ಲ. ಘಟಪ್ರಭೆಯ ಜಲಪಾತದ ಬಳಿ 1885ರಲ್ಲಿ ಸ್ಥಾಪನೆಯಾದ ಕಂಪನಿಯ ನೂಲಿನ ಗಿರಣಿ 1887ರಲ್ಲಿ ಆರಂಭವಾಯಿತು. ಆಗ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1881ರ ಕಾರ್ಖಾನೆ ಕಾಯ್ದೆ ಮಕ್ಕಳಿಗೆ ಮಾತ್ರ ತಿಂಗಳಿಗೆ ನಾಲ್ಕು ರಜೆ ಕೊಟ್ಟಿತ್ತು. ವಯಸ್ಕ ಕಾರ್ಮಿಕರಿಗೆ ಏನೂ ಇರಲಿಲ್ಲ.

ಅವರ ಪರವಾಗಿ ದನಿಯೆತ್ತಿದವರು ಮುಂಬಯಿಯ ನಾರಾಯಣ ಮೇಘಾಜಿ ಲೋಖಂಡೆ. ಇವರು ಕ್ರೈಸ್ತರಲ್ಲ, ಮಹಾತ್ಮ ಜೋತಿಬಾ ಫುಲೆಯವರ ಒಡನಾಡಿ. 1884ರಲ್ಲಿ ಸುಮಾರು 5,500 ಗಿರಣಿ ಕಾರ್ಮಿಕರ ಸಹಿಯೊಡನೆ ವಾರದ ಬಿಡುವಿಗಾಗಿ ಮನವಿ ಸಲ್ಲಿಸಿದರು. ಭಾನುವಾರ ಖಂಡೋಬನ ವಾರವೆಂಬುದೂ ಕಾರ್ಮಿಕರು ಆ ದಿನವನ್ನು ಕೇಳಲು ಒಂದು ಕಾರಣವಾಗಿತ್ತು. ನಮ್ಮವರು ಮೈಲಾರನೆಂದು ಕರೆಯುವ ದೇವರೇ ಆತ. 1890ರ ಜೂನ್ 10ರಂದು ಮುಂಬಯಿಯ ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. 1891ರ ತಿದ್ದುಪಡಿ ಕಾಯ್ದೆ ಎಲ್ಲ ಕಾರ್ಖಾನೆಯ ಕೆಲಸಗಾರರಿಗೂ ವಾರಕ್ಕೊಂದು ಬಿಡುವನ್ನು ಕಡ್ಡಾಯಗೊಳಿಸಿತು. ಗೋಕಾಕದ ಗಿರಣಿಯೂ ಅದರ ವ್ಯಾಪ್ತಿಗೆ ಬಂದಿತು. ಅದೇ 1891ರ ಮೇ 15ರಂದು ಪೋಪ್ ಹದಿಮೂರನೆಯ ಲಿಯೋ ಕಾರ್ಮಿಕರ ಕುರಿತ ತಮ್ಮ ವಿಶ್ವಪತ್ರದಲ್ಲಿ ಭಾನುವಾರದ ವಿಶ್ರಾಂತಿಯನ್ನು ಎತ್ತಿಹಿಡಿದರು.

ಇಂದು ಭಾನುವಾರ ನಾವು ನಿಶ್ಚಿಂತೆಯಿಂದ ಪ್ರಾರ್ಥನೆಗೆ ಕೂಡುವಾಗ ಈ ಋಣವನ್ನು ಮರೆಯಲಾಗದು. ನಮಗೆ ದೊರೆತ ಬಿಡುವಿನ ಹಿಂದೆ ಅನ್ಯಧರ್ಮದ ದುಡಿಯುವ ಜನರ ಬೆವರಿದೆ.

ಹಾಗಾದರೆ ನಮ್ಮ ಕರ್ತವ್ಯವೇನು? ಕಬ್ಬಿನ ಹಂಗಾಮಿನಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ರಸ್ತೆಗಳನ್ನು ನೋಡಿರಿ. ಕಡಿದ ಕಬ್ಬು ತಡವಾದಷ್ಟೂ ಸಕ್ಕರೆಯ ಅಂಶ ಕುಗ್ಗುವುದರಿಂದ ಸಂಕೇಶ್ವರದ ಹಿರಣ್ಯಕೇಶಿಯಂಥ ಕಾರ್ಖಾನೆಗಳು ಹಗಲಿರುಳು ಅರೆಯುತ್ತವೆ. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 52ನೆಯ ಕಲಮಿನಂತೆ ಭಾನುವಾರ ದುಡಿದ ಕಾರ್ಮಿಕನಿಗೆ ಅದರ ಹಿಂದಿನ ಅಥವಾ ಮುಂದಿನ ಮೂರು ದಿನಗಳೊಳಗೆ ಒಂದು ಪೂರ್ಣ ದಿನದ ಬಿಡುವು ಸಲ್ಲಬೇಕಿತ್ತು. ಆದರೆ ಈ ಕಲಮಿನ ಆಸರೆ ಇದ್ದದ್ದು ಕಾರ್ಖಾನೆಯೊಳಗಿನವರಿಗೆ. ದೂರದೂರಿನಿಂದ ಬಂದು ಹೊಲದಲ್ಲಿ ಗುಡಿಸಲು ಹಾಕಿ ಕಬ್ಬು ಕಡಿಯುವ ಕುಟುಂಬಕ್ಕೆ ಅದು ತಲುಪುತ್ತಿರಲಿಲ್ಲ. ಕಾನ್‌ಸ್ಟಂಟೈನನ ಆಜ್ಞೆ ಹೊರಗಿಟ್ಟ ಹೊಲದ ದುಡಿಮೆ ಇಂದಿಗೂ ಹೊರಗೇ ಉಳಿದಿದೆ.

ಓದುಗ ಬಂಧುಗಳೇ, ಪ್ರಭುವಿನ ದಿನವನ್ನು ಪವಿತ್ರವಾಗಿ ಆಚರಿಸುವುದೆಂದರೆ ನಾವು ಕೆಲಸ ನಿಲ್ಲಿಸುವುದಷ್ಟೇ ಅಲ್ಲ, ಮತ್ತೊಬ್ಬರ ಹೆಗಲಿನ ನೊಗ ಇಳಿಸುವುದೂ ಹೌದು. ನಮ್ಮ ಮನೆಯ ಪಾತ್ರೆ ತೊಳೆಯುವ ತಾಯಿಗೆ, ವಾಹನ ನಡೆಸುವವನಿಗೆ, ಹೊಲದ ಆಳಿಗೆ ವಾರದಲ್ಲಿ ಯಾವ ದಿನದ ಬಿಡುವಿದೆ? ಕೂಲಿ ಕಡಿಯದೆ ಆ ಒಂದು ದಿನವನ್ನು ಅವರಿಗೆ ಕೊಡೋಣ. ಅಂದು ನಮ್ಮ ಭಾನುವಾರದ ಆರಾಧನೆ ಪೂರ್ಣವಾದೀತು.